ಒಂದು ಪೆನ್ನಿಗೆ ಒಂದು ಲೆದರ್ ಕೇಸ್: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಲೆದರ್ ಪೆನ್ ಕೇಸ್ ಮಾಡೋಕೆ ಹೋಗಿ ಬೇಜಾರಾದವರ ದೂರು ಹೆಚ್ಚುಕಮ್ಮಿ ಮೂರೇ. ಹೊಲಿದು ಮುಗಿಸಿದ ಮೇಲೆ ಪೆನ್ನು ಒಳಗೇ ಹೋಗ್ತಿಲ್ಲ. ಇಲ್ಲ, ಹೋಗತ್ತೆ, ಆದ್ರೆ ಈಚೆ ತೆಗೆದಾಗ ಮೈಗೆಲ್ಲ ಚರ್ಮದ ನಾರು ಅಂಟ್ಕೊಂಡಿರತ್ತೆ. ಇಲ್ಲಾಂದ್ರೆ ಅಂಚು ಎಷ್ಟು ತಿಕ್ಕಿದ್ರೂ ಒರಟೊರಟಾಗೇ ಉಳಿಯತ್ತೆ. ಇದಕ್ಕೆಲ್ಲ ಕೈಚಳಕ ಇಲ್ಲ ಅಂತ ತಮ್ಮನ್ನೇ ಬೈಕೊಳ್ತಾರೆ, ಆದ್ರೆ ನೋಡಿದ್ರೆ ಹೊಲಿಗೆ ಚೆನ್ನಾಗೇ ಇರತ್ತೆ, ತಪ್ಪಿರೋದು ಅಳತೆ ತಗೊಂಡ ರೀತಿ ಮತ್ತೆ ಕೆಲಸದ ಕ್ರಮ. ಅದಕ್ಕೇ ಇಲ್ಲಿ ಕ್ರಮದ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ.

ಮಾಡೋದು ಇಂಥದ್ದು: ಒಂದೇ ಪೆನ್ನು ಹಿಡಿಯೋ ಕೇಸ್, ಹಿಂದಿನ ತುಂಡೇ ಮೇಲೆ ಉದ್ದ ಬೆಳೆದು ಮುಚ್ಚಳ ಆಗತ್ತೆ, ಆ ಮುಚ್ಚಳ ಮುಂದೆ ಮಡಚಿ ಬಂದು ಒಂದು ಅಡ್ಡಪಟ್ಟಿ ಕೆಳಗೆ ತೂರತ್ತೆ. ಪ್ರೆಸ್ ಬಟನ್ ಇಲ್ಲ, ಮ್ಯಾಗ್ನೆಟ್ ಇಲ್ಲ. ಬೇಕಂತಲೇ ಬಿಟ್ಟಿದೀನಿ, ಯಾಕಂದ್ರೆ ಬಟನ್‌ನ ಹಿಂಭಾಗದ ಲೋಹ ಪೆನ್ನಿನ ಮೈಗೆ ದಿನಾ ಉಜ್ಜತ್ತೆ, ಪೆನ್ನು ಉಳಿಸೋಕೆ ಅಂತ ಮಾಡಿದ ಕೇಸೇ ಪೆನ್ನನ್ನ ಗೀಚಿದ್ರೆ ಏನು ಪ್ರಯೋಜನ.

## ಮೊದಲು ಚರ್ಮದ ಆಯ್ಕೆ

ವೆಜ್ ಟ್ಯಾನ್ ಲೆದರ್ ತಗೊಳ್ಳಿ. ಅಂದ್ರೆ ಮರದ ತೊಗಟೆಯಂಥವುಗಳ ಟ್ಯಾನಿನ್‌ನಲ್ಲಿ ಹದ ಮಾಡಿದ್ದು. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಕ್ರೋಮ್ ಟ್ಯಾನ್ ಮೆತ್ತಗಿರತ್ತೆ, ಬ್ಯಾಗಿಗೆ, ಜಾಕೆಟ್‌ಗೆ ಚೆನ್ನ, ಆದ್ರೆ ಅದರ ಅಂಚು ಉಜ್ಜಿದ್ರೆ ಹೊಳಪು ಬರಲ್ಲ, ನೀರು ಹಾಕಿ ಆಕಾರ ಕೊಟ್ರೆ ನಿಲ್ಲಲ್ಲ. ಕೆಳಗೆ ಹೇಳೋ ಅರ್ಧ ಕೆಲಸ ಅದರ ಮೇಲೆ ನಡೆಯೋದೇ ಇಲ್ಲ. ನಿಮ್ಮ ಅಂಚು ನುಣ್ಣಗಾಗ್ತಿಲ್ಲ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಚರ್ಮದ ಮೇಲೆ.

ಸುಲಭದ ಪರೀಕ್ಷೆ ಇದೆ. ಬಣ್ಣ ಹಾಕದ ತುಂಡಿನ ನುಣುಪು ಮುಖದ ಮೇಲೆ ಒಂದು ಹನಿ ನೀರು ಬಿಡಿ. ವೆಜ್ ಟ್ಯಾನ್ ಆದ್ರೆ ಹನಿಯನ್ನ ಹೀರಿಕೊಂಡು ಅಲ್ಲಿ ಗಾಢ ಆಗತ್ತೆ, ಉಗುರಿನಿಂದ ಒತ್ತಿದ್ರೆ ಗುರುತು ಉಳಿಯತ್ತೆ. ತುಂಡಿನ ಅಡ್ಡ ಅಂಚು ನೋಡಿ, ಒಳಗೆ ನೀಲಿ ಅಥವಾ ಬೂದು ಬಣ್ಣ ಕಂಡ್ರೆ ಅದು ಹೆಚ್ಚಾಗಿ ಕ್ರೋಮ್. ಮೇಲೆ ದಪ್ಪ ಫಿನಿಶ್ ಹೊಡೆದಿರೋ ಚರ್ಮದಲ್ಲಿ ಈ ನೀರಿನ ಪರೀಕ್ಷೆ ನಂಬೋಕಾಗಲ್ಲ.

ದಪ್ಪ 1.2 ರಿಂದ 1.6 ಮಿಮೀ ಒಳಗಿರ್ಲಿ. ಅಂಗಡಿಯವರು ಔನ್ಸ್ ಲೆಕ್ಕ ಹೇಳಿದ್ರೆ 1 ಔನ್ಸ್ ಅಂದ್ರೆ ಸುಮಾರು 0.4 ಮಿಮೀ, ಹಾಗಾಗಿ 3 ರಿಂದ 4 ಔನ್ಸ್. 2 ಮಿಮೀ ದಾಟಿದ್ರೆ ಕೇಸು ಮುದ್ದೆ ಆಗತ್ತೆ, 1 ಮಿಮೀಗಿಂತ ತೆಳು ಆದ್ರೆ ಜೋತು ಬೀಳತ್ತೆ. ಹೊಟ್ಟೆ ಭಾಗದ ಚರ್ಮ ಎಳೆದ್ರೆ ರಬ್ಬರ್ ಥರ ಉದ್ದ ಆಗತ್ತೆ, ಅದನ್ನ ಬಿಟ್ಟು ಬೆನ್ನಿನ ಭಾಗದ್ದು ಕೇಳಿ. ತುಂಡನ್ನ ಎರಡೂ ದಿಕ್ಕಲ್ಲಿ ಎಳೆದು ನೋಡಿ, ಕಮ್ಮಿ ಹಿಗ್ಗೋ ದಿಕ್ಕು ಕೇಸಿನ ಉದ್ದಕ್ಕೆ ಬರ್ಲಿ. ಅಡ್ಡಪಟ್ಟಿಗೂ ಅಷ್ಟೇ, ಅದನ್ನ ಕಮ್ಮಿ ಹಿಗ್ಗೋ ದಿಕ್ಕಲ್ಲೇ ಕತ್ತರಿಸಬೇಕು, ಇಲ್ಲಾಂದ್ರೆ ಸ್ವಲ್ಪ ದಿನಕ್ಕೇ ಲೂಸ್.

## ಬೇಕಾಗೋ ಸಾಮಾನು

ಸ್ಟೀಲ್ ಸ್ಕೇಲು, ಕಟಿಂಗ್ ಮ್ಯಾಟ್, ಹೊಸ ಬ್ಲೇಡ್ ಹಾಕಿದ ಕಟರ್. ಜಾಮೆಟ್ರಿ ಬಾಕ್ಸ್‌ನ ಡಿವೈಡರ್, ಹೊಲಿಗೆ ಗೆರೆ ಎಳೆಯೋಕೆ. ಹೊಲಿಗೆಯ ತೂತು ಹೊಡೆಯೋಕೆ ಫೋರ್ಕ್ ಥರ ಹಲ್ಲಿರೋ, 4 ಮಿಮೀ ಅಂತರದ ಸ್ಟಿಚಿಂಗ್ ಚಿಸೆಲ್ ಎರಡು: ನಾಲ್ಕು ಅಥವಾ ಆರು ಹಲ್ಲಿಂದು ಒಂದು, ಮೂಲೆ ತಿರುಗಿಸೋಕೆ ಎರಡು ಹಲ್ಲಿಂದು ಇನ್ನೊಂದು. ಮರದ ಕೊಡತಿ ಇಲ್ಲಾ ಪ್ಲಾಸ್ಟಿಕ್ ಸುತ್ತಿಗೆ. ಕಬ್ಬಿಣದ ಸುತ್ತಿಗೇಲಿ ಚಿಸೆಲ್ ಹೊಡೀಬೇಡಿ, ತಲೆ ಹರಡಿ ಹಾಳಾಗತ್ತೆ.

ಮೊಂಡು ಮೊನೆಯ ಸೂಜಿ ಎರಡು, 0.6 ಮಿಮೀ ಮೇಣದ ದಾರ. ಕಿಟ್ ಜೊತೆ ಬರೋ 1 ಮಿಮೀ ಚಪ್ಪಟೆ ದಾರ ಇಷ್ಟು ಚಿಕ್ಕ ವಸ್ತುವಿಗೆ ಗೋಣಿಚೀಲ ಹೊಲಿದ ಹಾಗೆ ಕಾಣತ್ತೆ, ಅದನ್ನ ಪಕ್ಕಕ್ಕಿಡಿ. ಕಾಂಟಾಕ್ಟ್ ಸಿಮೆಂಟ್ ಅನ್ನೋ ಅಂಟು, ನೀರಿನ ಬೇಸ್‌ದು ಸಿಕ್ಕಿದ್ರೆ ಒಳ್ಳೇದು, ವಾಸನೆ ಕಮ್ಮಿ. ಅಂಚಿನ ಚೂಪು ಮೂಲೆ ಕೆರೆದು ತೆಗೆಯೋ ಎಡ್ಜ್ ಬೆವೆಲರ್, ಸ್ಯಾಂಡ್ ಪೇಪರ್ 240, 400, 800. ನಾರು ಮಲಗಿಸಿ ಹೊಳಪು ತರೋ ಲೇಪ, ಅಂದ್ರೆ ಟೋಕೊನೋಲ್ ಅಥವಾ ಗಮ್ ಟ್ರಾಗಕಾಂತ್, ಉಜ್ಜೋಕೆ ತೋಡು ಕೊರೆದ ಮರದ ಸ್ಲಿಕರ್, ಸ್ವಲ್ಪ ಜೇನುಮೇಣ. ಫೈಲಿಗೆ ಹಾಕೋ ಬೈಂಡರ್ ಕ್ಲಿಪ್ ಐದಾರು.

ಇನ್ನೊಂದು ವಸ್ತು ಯಾರೂ ಪಟ್ಟಿಗೆ ಸೇರಿಸಲ್ಲ, ಆದ್ರೆ ಇದಿಲ್ದೆ ಶುರು ಮಾಡ್ಬೇಡಿ: ಪೆನ್ನಿಗಿಂತ 1 ಮಿಮೀ ದಪ್ಪ ಇರೋ ಉರುಟು ಮರದ ಕೋಲು. ಸಿಗದಿದ್ರೆ ತೆಳು ಕೋಲಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಸುತ್ತಿ ಆ ದಪ್ಪಕ್ಕೆ ತನ್ನಿ, ಕೊನೆಗೆ ಮೇಲೆ ಕ್ಲಿಂಗ್ ಫಿಲ್ಮ್ ಸುತ್ತಿ. ಒದ್ದೆ ಚರ್ಮದೊಳಗೆ ಹೋಗಬೇಕಾದ್ದು ಈ ಡಮ್ಮಿ, ನಿಮ್ಮ ಪೆನ್ನಲ್ಲ.

## ಹಂತ 1: ಪೆನ್ನಿನ ಅಳತೆ

ಪೆನ್ನು ಒಳಗೆ ಹೋಗದೇ ಇರೋ ಸಮಸ್ಯೆ ಹುಟ್ಟೋದು ಇಲ್ಲೇ. ಎಲ್ಲರೂ ಪೆನ್ನನ್ನ ಮೇಜಿನ ಮೇಲಿಟ್ಟು ಅದರ ಅಗಲ ನೋಡ್ತಾರೆ, 14 ಮಿಮೀ ಇದೆ, ಎರಡೂ ಕಡೆ ಒಂದಿಷ್ಟು ಸೇರಿಸಿ 25 ಮಿಮೀ ಸಾಕು ಅಂತ ಕತ್ತರಿಸ್ತಾರೆ. ಉರುಟು ವಸ್ತುವಿಗೆ ಅಗಲದ ಲೆಕ್ಕ ಬರಲ್ಲ, ಸುತ್ತಳತೆ ಬೇಕು. ಅದೂ ಕ್ಲಿಪ್ ಸಮೇತ.

ತೆಳು ಕಾಗದದ ಪಟ್ಟಿ ತಗೊಂಡು ಕ್ಯಾಪ್ ಹಾಕಿದ ಪೆನ್ನಿನ ಅತ್ಯಂತ ದಪ್ಪ ಜಾಗದಲ್ಲಿ, ಕ್ಲಿಪ್ ಮೇಲಿಂದ, ಒಂದು ಸುತ್ತು ಸುತ್ತಿ, ಕಾಗದ ಒಂದರ ಮೇಲೊಂದು ಬರೋ ಕಡೆ ಗುರುತು ಹಾಕಿ, ಬಿಡಿಸಿ ಅಳೀರಿ. ಹೆಚ್ಚಿನ ಪೆನ್ನುಗಳಲ್ಲಿ ಕ್ಲಿಪ್‌ನ ಕೆಳತುದಿಯ ಉಬ್ಬೇ ಅತಿ ದಪ್ಪದ ಜಾಗ. ಇಲ್ಲಿ ಉದಾಹರಣೆಗೆ 48 ಮಿಮೀ ಬಂತು ಅಂತ ಇಟ್ಕೊಳ್ಳಿ.

ಈಗ ಚರ್ಮದ ದಪ್ಪ ಲೆಕ್ಕಕ್ಕೆ ಬರಬೇಕು. ಚರ್ಮ ಸುತ್ತಿ ಬಾಗಿದಾಗ ಒಳಮೈ ಕುಗ್ಗತ್ತೆ, ಹೊರಮೈ ಹಿಗ್ಗತ್ತೆ, ಹಾಗಾಗಿ ದಪ್ಪದ ಮೂರು ಪಟ್ಟು ಸೇರಿಸಬೇಕು. 1.5 ಮಿಮೀ ಚರ್ಮ ಆದ್ರೆ 4.5. ಒಟ್ಟು 52.5. ಮುಂದೆ ಹಿಂದೆ ಎರಡು ತುಂಡು ಇರೋದ್ರಿಂದ ಅರ್ಧ ಮಾಡಿ, 26 ಚಿಲ್ಲರೆ. ಸಲೀಸಾಗಿ ಜಾರೋಕೆ ಸುಮಾರು 1 ಮಿಮೀ ಸೇರಿಸಿ 27. ಗಮನಿಸಿ, ಈ 27 ಅನ್ನೋದು ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಗೆ ಇರೋ ದೂರ, ತುಂಡಿನ ಅಗಲ ಅಲ್ಲ. ಹೊಲಿಗೆಯ ಹೊರಗೆ ಪ್ರತಿ ಬದಿ 4 ಮಿಮೀ ಬೇಕು: 3 ಮಿಮೀ ಉಳಿಯೋ ಅಂಚು, 1 ಮಿಮೀ ಕೊನೆಗೆ ಉಜ್ಜೋದ್ರಲ್ಲಿ ಹೋಗತ್ತೆ. ಅಂದ್ರೆ ತುಂಡಿನ ಅಗಲ 35 ಮಿಮೀ.

ಎರಡು ಪೆನ್ನಿನ ಕೇಸ್ ಬೇಕಾದ್ರೆ 27 ಎರಡು ಸಲ, ಮಧ್ಯೆ ಒಂದು ಹೊಲಿಗೆ, ಒಟ್ಟು 62. ಮಧ್ಯದ ಹೊಲಿಗೆ ಇಲ್ದೆ ಎರಡನ್ನೂ ಒಂದೇ ಜೇಬಿಗೆ ಹಾಕಿದ್ರೆ ಒಂದರ ಕ್ಲಿಪ್ ಇನ್ನೊಂದರ ಮೈ ಕೆರೆಯತ್ತೆ.

ಉದ್ದದ್ದೂ ಒಂದು ಒಳಸುಳಿ ಇದೆ. ಕೆಳಗಡೆ ಚಪ್ಪಟೆಯಾಗಿ ಹೊಲಿದಾಗ ಅಲ್ಲಿ ಕೊಳವೆ ಕಿರಿದಾಗ್ತಾ ಮುಚ್ಚಿಕೊಳ್ಳತ್ತೆ, ಪೆನ್ನಿನ ತುದಿ ಹೊಲಿಗೆ ತನಕ ಇಳಿಯಲ್ಲ, ಸುಮಾರು 10 ಮಿಮೀ ಮೇಲೇ ನಿಲ್ಲತ್ತೆ. ಇದನ್ನ ಮರೆತರೆ ಮುಚ್ಚಳ ಗಿಡ್ಡ ಆಗತ್ತೆ. 140 ಮಿಮೀ ಪೆನ್ನಿಗೆ ಲೆಕ್ಕ ಹೀಗೆ:

ಮುಂದಿನ ತುಂಡು: ಅಂಚು 4, ಕೆಳಗಿನ ವ್ಯರ್ಥ ಜಾಗ 10, ಪೆನ್ನು ಕೂರೋಕೆ 120. ಒಟ್ಟು 134 ಮಿಮೀ. ಪೆನ್ನಿನ ಮೇಲಿನ 20 ಮಿಮೀ ಹೊರಗೆ ಕಾಣ್ತಿರತ್ತೆ, ಬೆರಳಲ್ಲಿ ಹಿಡಿದು ಎಳೆಯೋಕೆ ಅದು ಬೇಕೇ ಬೇಕು.

ಹಿಂದಿನ ತುಂಡು: 4, 10, ಪೆನ್ನಿನ ಪೂರ್ತಿ 140, ಅದರ ಮೇಲೆ ಉಸಿರಾಡೋಕೆ 10, ಪೆನ್ನಿನ ತಲೆ ಮೇಲಿಂದ ಮುಂದಕ್ಕೆ ತಿರುಗೋಕೆ 20, ಮುಂದೆ ಇಳಿಯೋ ಮುಚ್ಚಳದ ನಾಲಿಗೆ 75. ಒಟ್ಟು 259, 260 ಇಟ್ಕೊಳ್ಳಿ.

ನಾಲಿಗೆಯ ಭಾಗ ಪೂರ್ತಿ 35 ಮಿಮೀ ಅಗಲ ಇದ್ರೆ ಪಟ್ಟಿ ಕೆಳಗೆ ತೂರಲ್ಲ, ಅಲ್ಲಿಗೆ ಬರುವಷ್ಟರಲ್ಲಿ 24 ಮಿಮೀಗೆ ಸಣ್ಣ ಮಾಡಿ, ತುದಿ ದುಂಡಗಿರ್ಲಿ.

## ಹಂತ 2: ಚರ್ಮ ಮುಟ್ಟೋ ಮುಂಚೆ ಒಂದು ಡಮ್ಮಿ ಕೇಸ್

ಕಾಗದದಲ್ಲಿ ಪ್ಯಾಟರ್ನ್ ಮಾಡಿ ನೇರ ಚರ್ಮಕ್ಕೆ ಹೋಗೋರು ಬಹಳ ಜನ. ಕಾಗದಕ್ಕೆ ದಪ್ಪನೇ ಇಲ್ಲವಲ್ಲ, ಅದರಲ್ಲಿ ಪೆನ್ನು ಹಿಡಿಸಿದ್ರೆ ಚರ್ಮದಲ್ಲಿ ಹಿಡಿಸತ್ತೆ ಅಂತ ಏನೂ ಇಲ್ಲ. ಕ್ರಾಫ್ಟ್ ಕೆಲಸಕ್ಕೆ ಬಳಸೋ ಫೋಮ್ ಶೀಟು ಅಥವಾ ಉಣ್ಣೆಯ ಫೆಲ್ಟು, ಚರ್ಮದಷ್ಟೇ ದಪ್ಪದ್ದು, ಅದರಲ್ಲಿ ಎರಡು ತುಂಡು ಕತ್ತರಿಸಿ, ಹೊಲಿಗೆ ಗೆರೆ ಮೇಲೆ ಸ್ಟೇಪ್ಲರ್ ಹೊಡೆದು, ಪೆನ್ನು ಹಾಕಿ ನೋಡಿ. ಪಿನ್ನಿನ ಕಾಲು ಹೊರಗಡೆ ಇರ್ಲಿ, ಪೆನ್ನಿಗೆ ತಾಗ್ಬಾರ್ದು.

ಪೆನ್ನು ಹಾಕಿ ಕೇಸನ್ನ ತಲೆಕೆಳಗೆ ಹಿಡೀರಿ. ಧೊಪ್ಪಂತ ಬಿದ್ರೆ ಲೂಸ್. ಬೀಳದೆ ನಿಂತು, ಎರಡು ಬೆರಳಲ್ಲಿ ಎಳೆದ್ರೆ ಸಲೀಸಾಗಿ ಬಂದ್ರೆ ಸರಿ. ಕೇಸನ್ನ ಹಿಡ್ಕೊಂಡು ತಿರುಚಿ ಎಳೀಬೇಕಾದ್ರೆ ಬಿಗಿ, 1 ಮಿಮೀ ಅಗಲ ಮಾಡಿ ಮತ್ತೆ ನೋಡಿ. ಹೊಸ ಚರ್ಮ ಬಳಸ್ತಾ ಸ್ವಲ್ಪ ಬಿಟ್ಟುಕೊಡತ್ತೆ ನಿಜ, ಆದ್ರೆ 1 ಮಿಮೀಗಿಂತ ಜಾಸ್ತಿ ಅದರ ಮೇಲೆ ಭರವಸೆ ಇಡಬೇಡಿ.

ಅಡ್ಡಪಟ್ಟಿಯ ಉದ್ದವನ್ನೂ ಈ ಡಮ್ಮಿ ಮೇಲೇ ತೀರ್ಮಾನ ಮಾಡಿ. ಪೆನ್ನು ಒಳಗೆ, ನಾಲಿಗೆ ಮುಂದೆ ಮಡಚಿದೆ, ಅದರ ಮೇಲಿಂದ 12 ಮಿಮೀ ಅಗಲದ ಪಟ್ಟಿ ಅಡ್ಡ ಹಾಕಿ ಎರಡೂ ಬದಿಯ ಹೊಲಿಗೆ ಗೆರೆ ಎಲ್ಲಿ ಬರತ್ತೆ ಅಂತ ಪಟ್ಟಿ ಮೇಲೆ ಗುರುತು ಹಾಕಿ. ನಮ್ಮ ಉದಾಹರಣೆಯಲ್ಲಿ 27ರ ಬದಲು 35 ಮಿಮೀ ಸುತ್ತಮುತ್ತ ಬರತ್ತೆ, ಉಬ್ಬಿನ ಮೇಲೆ ಹತ್ತಿ ಇಳಿಯಬೇಕಲ್ಲ. ಪಟ್ಟಿಯ ಜಾಗ ಜೇಬಿನ ಬಾಯಿಯಿಂದ 18 ಮಿಮೀ ಕೆಳಗೆ.

## ಹಂತ 3: ಕತ್ತರಿಸೋದು

ಡಮ್ಮಿ ಸರಿ ಬಂದ ಮೇಲೆ ಅದೇ ಅಳತೆಯಲ್ಲಿ ದಪ್ಪ ಕಾರ್ಡ್‌ಬೋರ್ಡ್ ಪ್ಯಾಟರ್ನ್. ಚರ್ಮದ ಮೇಲೆ ಪೆನ್ಸಿಲ್ ಬೇಡ, ದಬ್ಬಳದ ಮೊನೆಯಲ್ಲಿ ಹಗುರಾಗಿ ಗೀಚಿ. ಬಾಲ್ ಪೆನ್ನಿನ ಇಂಕು ಹೋಗಲ್ಲ, ಮರೀಬೇಡಿ.

ಒಂದೇ ಏಟಿಗೆ ಕತ್ತರಿಸೋ ಹಠ ಬೇಡ. ಮೊದಲ ಸಲ ಬರೀ ಗೆರೆ, ಎರಡನೇ ಸಲ ಅರ್ಧ, ಮೂರನೇ ಸಲ ಪೂರ್ತಿ, ಬ್ಲೇಡು ನೆಟ್ಟಗೆ ನಿಂತಿರ್ಲಿ, ಸ್ಕೇಲು ಉಳಿಸ್ಕೊಳ್ಳೋ ತುಂಡಿನ ಮೇಲಿರ್ಲಿ, ಆಗ ಬ್ಲೇಡು ಜಾರಿದ್ರೂ ವೇಸ್ಟ್ ಕಡೆಗೆ ಜಾರತ್ತೆ. ಹಿಡಿದ ಕೈಯ ಬೆರಳು ಸ್ಕೇಲಿನಿಂದ ಆಚೆ ಬರ್ತಿದ್ಯಾ ಅಂತ ಪ್ರತಿ ಸಲ ನೋಡಿ. ಬ್ಲೇಡು ಚರ್ಮವನ್ನ ಎಳ್ಕೊಂಡು ಹೋಗ್ತಿದೆ, ಅಂಚಲ್ಲಿ ಅಲೆ ಬರ್ತಿದೆ ಅಂದ್ರೆ ಮೊಂಡಾಗಿದೆ, ತುದಿ ಮುರಿದು ಹೊಸದು ತನ್ನಿ.

ಮುಂದಿನ ತುಂಡನ್ನ ಪ್ರತಿ ಬದಿ ಅರ್ಧ ಮಿಮೀ ದೊಡ್ಡದಾಗಿಯೇ ಕತ್ತರಿಸಿ. ಅಂಟಿಸಿದ ಮೇಲೆ ಸಮ ಮಾಡೋದು ಸುಲಭ, ಸೇರಿಸೋದು ಆಗಲ್ಲ.

## ಹಂತ 4: ಜೋಡಿಸೋ ಮುಂಚೆ ಮುಗಿಸಬೇಕಾದ್ದು

ಈ ಹಂತವನ್ನ ಬಿಟ್ಟು ಮುಂದೆ ಹೋದವರದ್ದೇ ನಾರಿನ ದೂರು. ಅಂಟಿಸಿ ಹೊಲಿದ ಮೇಲೆ ಕೊಳವೆ ಒಳಗೆ ಕೈ ಹೋಗಲ್ಲ, ಸ್ಯಾಂಡ್ ಪೇಪರ್ ಹೋಗಲ್ಲ, ಏನೂ ಹೋಗಲ್ಲ. ಹಾಗಾಗಿ ಆಮೇಲೆ ಕೈಗೆ ಸಿಗದ ಪ್ರತಿ ಜಾಗವನ್ನೂ ಈಗಲೇ ಮುಗಿಸಬೇಕು. ಕೆಲಸ ಬೋರಿಂಗು, ಹೊಲಿಗೆ ಶುರು ಮಾಡೋ ಆತುರ ಇರತ್ತೆ, ಆದ್ರೂ ತಡ್ಕೊಳ್ಳಿ.

ಒಳಮೈ: ಬಣ್ಣ ಹಾಕೋದಿದ್ರೆ ಮೊದಲು ಬಣ್ಣ, ಅದು ಪೂರ್ತಿ ಒಣಗಿದ ಮೇಲೆ ಮಾತ್ರ ಮುಂದಿನದ್ದು. ನನ್ನ ಅಭಿಪ್ರಾಯ ಕೇಳಿದ್ರೆ ಒಳಗಡೆಗೆ ಬಣ್ಣವೇ ಬೇಡ, ತಿಳಿ ಬಣ್ಣದ ಪೆನ್ನಿಗೆ ಅದು ಹತ್ತಿಕೊಳ್ಳೋ ಅಪಾಯ ಇದ್ದೇ ಇದೆ. ಒರಟು ಮುಖದ ಮೇಲೆ ಟೋಕೊನೋಲ್ ತೆಳುವಾಗಿ ಸವರಿ, ಅರೆಬರೆ ಒಣಗಿದಾಗ, ಅಂದ್ರೆ ಮುಟ್ಟಿದ್ರೆ ತಂಪಾಗಿದ್ದು ಕೈಗೆ ಅಂಟದಿದ್ದಾಗ, ಸ್ಲಿಕರ್ ಅಥವಾ ಗಾಜಿನ ಲೋಟದ ಬದಿಯಿಂದ ಒಂದೇ ದಿಕ್ಕಿಗೆ ಒತ್ತಿ ಉಜ್ಜಿ. ನಾರು ಮಲಗಿ ಮೇಲ್ಮೈ ಹೊಳೆಯೋಕೆ ಶುರು ಆಗತ್ತೆ. ಒಣಗಿದ ಮೇಲೆ ಕಪ್ಪು ಬಟ್ಟೆಯಿಂದ ಒರೆಸಿ ನೋಡಿ, ಬಟ್ಟೆಗೆ ನಾರು ಬಂದ್ರೆ ಇನ್ನೊಂದು ಕೋಟ್.

ಒಂದು ಎಚ್ಚರ: ಅಂಟು ಹಾಕೋ 4 ಮಿಮೀ ಅಂಚಿಗೆ ಟೋಕೊನೋಲ್ ತಾಗಬಾರ್ದು, ಅದರ ಮೇಲೆ ಅಂಟು ಹಿಡಿಯಲ್ಲ. ಆ ಅಂಚಿಗೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿಬಿಡಿ.

ಅಂಚುಗಳು: ಜೇಬಿನ ಬಾಯಿ, ಅಡ್ಡಪಟ್ಟಿಯ ಎರಡು ಉದ್ದ ಬದಿ. ಈ ಮೂರನ್ನ ಈಗಲೇ ಬೆವೆಲ್ ಮಾಡಿ ಉಜ್ಜಿ ಹೊಳಪು ಬರಿಸಿ (ಹೇಗೆ ಅನ್ನೋದು ಹಂತ 8ರಲ್ಲಿದೆ). ಬಾಯಿಯ ಒಳಗಿನ ಮೂಲೆಯನ್ನೂ ಬೆವೆಲ್ ಮಾಡಿ, ಪೆನ್ನು ಜಾರಿ ಹೋಗೋ ಜಾಗ ಅದೇ.

ಪಟ್ಟಿಯ ತುದಿ: ಎರಡೂ ತುದಿಯ ಒರಟು ಮುಖವನ್ನ ಹೊಲಿಗೆ ಬರೋ ಜಾಗದಲ್ಲಿ ಅರ್ಧ ದಪ್ಪಕ್ಕೆ ಹೆರೆಯಿರಿ, ಸುಮಾರು 0.7 ಮಿಮೀ ಉಳೀಬೇಕು. ಚೂಪಾದ ಬ್ಲೇಡನ್ನ ಮಲಗಿಸಿ ಹಿಡಿದು, ನಿಮ್ಮಿಂದ ಆಚೆಗೆ ತಳ್ಳಿ. ಹೆರೆಯದಿದ್ರೆ ಅಲ್ಲಿ ಮೂರು ಪದರ ಸೇರಿ ಹೊಲಿಗೆ ಮೆಟ್ಟಿಲು ಹತ್ತಿದ ಹಾಗೆ ಕಾಣತ್ತೆ.

## ಹಂತ 5: ಅಂಟಿಸೋದು

ಟೇಪ್ ಕಿತ್ತು, ಅಂಚನ್ನ 240 ಪೇಪರಿಂದ ಸ್ವಲ್ಪ ಕೆರೆದು ಒರಟು ಮಾಡಿ. ಎರಡೂ ತುಂಡಿಗೆ ಕಾಂಟಾಕ್ಟ್ ಸಿಮೆಂಟ್ ತೆಳುವಾಗಿ, ಹೊಲಿಗೆ ಗೆರೆಯಿಂದ ಒಳಗೆ ದಾಟದ ಹಾಗೆ. ಜಾಸ್ತಿ ಹಾಕಿದ್ರೆ ಒತ್ತಿದಾಗ ಕೊಳವೆ ಒಳಗೆ ಉಕ್ಕತ್ತೆ, ಅದೇ ಮುಂದೆ ಪೆನ್ನಿಗೆ ಅಂಟೋದು. ಕಿಟಕಿ ತೆಗೆದಿರ್ಲಿ, ಸಾಲ್ವೆಂಟ್ ಬೇಸ್ ಆದ್ರೆ ಹತ್ತಿರ ಬೆಂಕಿ ಇರಬಾರದು.

ಹಾಕಿದ ತಕ್ಷಣ ಜೋಡಿಸೋದು ಸಾಮಾನ್ಯ ತಪ್ಪು. ಈ ಅಂಟು ಒಣಗಿದ ಮೇಲೇ ಹಿಡಿಯೋದು. ಬೆರಳು ತಾಗಿಸಿದ್ರೆ ದಾರದಂತೆ ಎಳೀಬಾರ್ದು, ಬರೀ ಜಿಗುಟು ಅನಿಸಬೇಕು, ಆಗ ಜೋಡಿಸಿ. ಆದ್ರೆ ಒಂದು ಸಲ ತಾಗಿತು ಅಂದ್ರೆ ಜರುಗಿಸೋಕೆ ಆಗಲ್ಲ, ಅದಕ್ಕೇ ಕೆಳಗಿನ ಅಂಚಿಂದ ಶುರು ಮಾಡಿ, ಎರಡೂ ಬದಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಒತ್ತುತ್ತಾ ಬನ್ನಿ. ಆಮೇಲೆ ಅಡ್ಡಪಟ್ಟಿ: ಒಂದು ತುದಿ ಅಂಟಿಸಿ, ಇನ್ನೊಂದು ತುದಿಯ ಗುರುತು ಹೊಲಿಗೆ ಗೆರೆ ಮೇಲೆ ಕೂರೋ ಹಾಗೆ ಅಂಟಿಸಿ. ಮಧ್ಯೆ ಕಮಾನಿನ ಥರ ಎದ್ದು ನಿಲ್ಲತ್ತೆ, ಅದು ಸರಿ, ಒತ್ತಿ ಚಪ್ಪಟೆ ಮಾಡೋಕೆ ಹೋಗ್ಬೇಡಿ. ಕ್ಲಿಪ್ ಹಾಕೋವಾಗ ಕೆಳಗೊಂದು ಮೇಲೊಂದು ಚರ್ಮದ ಚೂರು ಇಡಿ, ಇಲ್ಲಾಂದ್ರೆ ಕ್ಲಿಪ್ಪಿನ ಅಂಚು ಅಚ್ಚಾಗತ್ತೆ.

ಅಂಟು ಗಟ್ಟಿಯಾದ ಮೇಲೆ ಹೆಚ್ಚಿರೋ ಅಂಚು, ಪಟ್ಟಿಯ ತುದಿ ಎಲ್ಲ ಕತ್ತರಿಸಿ ಸಮ ಮಾಡಿ, ಕೆಳಗಿನ ಎರಡು ಮೂಲೆಯನ್ನ ನಾಣ್ಯ ಇಟ್ಟು ಗೀಚಿ ದುಂಡಗೆ ಮಾಡಿ.

## ಹಂತ 6: ತೂತು ಮತ್ತು ಹೊಲಿಗೆ

ಡಿವೈಡರ್ ಅನ್ನ 4 ಮಿಮೀಗೆ ಇಟ್ಟು ಒಂದು ಕಾಲನ್ನ ಅಂಚಿನ ಹೊರಗೆ ಜಾರಿಸ್ತಾ ಇನ್ನೊಂದರಿಂದ ಗೆರೆ ಎಳೀರಿ. ಚಿಸೆಲ್‌ನ ಹಲ್ಲನ್ನ ಹೊಡೆಯೋ ಮುಂಚೆ ಪೂರ್ತಿ ಉದ್ದಕ್ಕೆ ಬರೀ ಒತ್ತಿ ಗುರುತು ಮಾಡ್ಕೊಂಡು ಹೋಗಿ, ಪ್ರತಿ ಸಲ ಮೊದಲ ಹಲ್ಲು ಹಿಂದಿನ ಕೊನೇ ಗುರುತಿನಲ್ಲಿ ಕೂತಿರ್ಲಿ. ಹೀಗೆ ಮಾಡಿದ್ರೆ ಮೂಲೆಯಲ್ಲಿ, ಪಟ್ಟಿಯ ಹತ್ತಿರ ತೂತು ಎಲ್ಲಿ ಬರತ್ತೆ ಅಂತ ಮೊದಲೇ ಕಾಣತ್ತೆ. ಪಟ್ಟಿಯ ಅಂಚು ಎರಡು ತೂತಿನ ನಡುವೆ ಬರಬೇಕು, ತೂತಿನ ಮೇಲೆ ಬಂದ್ರೆ ಅಲ್ಲಿ ಹರಿಯತ್ತೆ. ಹೊಂದದಿದ್ರೆ ಮೂರ್ನಾಲ್ಕು ತೂತಿನ ಅಂತರವನ್ನ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಮಾಡಿ ಹೊಂದಿಸಿ, ಯಾರ ಕಣ್ಣಿಗೂ ಬೀಳಲ್ಲ.

ಹೊಡೆಯೋವಾಗ ಚಿಸೆಲ್ ನೆಟ್ಟಗೆ ಇರೋದೇ ಮುಖ್ಯ. ಬದಿಯಿಂದ ಕಣ್ಣಿಟ್ಟು ನೋಡಿ. ನಾಲ್ಕೈದು ಏಟಾದ ಮೇಲೆ ತಿರುಗಿಸಿ ಹಿಂಭಾಗ ನೋಡಿ, ತೂತಿನ ಸಾಲು ಅಂಚಿನ ಕಡೆಗೋ ಒಳಗಡೆಗೋ ಓಡ್ತಿದ್ರೆ ನಿಮ್ಮ ಕೈ ವಾಲ್ತಿದೆ, ಅಲ್ಲೇ ನಿಲ್ಲಿಸಿ ಸರಿ ಮಾಡ್ಕೊಳ್ಳಿ. ಚಿಸೆಲ್ ಕಚ್ಚಿಕೊಂಡ್ರೆ ಅಲ್ಲಾಡಿಸಬೇಡಿ, ಹಲ್ಲಿಗೆ ಜೇನುಮೇಣ ಸವರಿ, ಚರ್ಮವನ್ನ ಬೆರಳಲ್ಲಿ ಒತ್ತಿ ಹಿಡಿದು ನೇರ ಮೇಲಕ್ಕೆ ತೆಗೀರಿ.

ದಾರ: ಎರಡು ಬದಿ ಮತ್ತೆ ಕೆಳಭಾಗ ಸೇರಿ ಹೊಲಿಗೆ ಸುಮಾರು 300 ಮಿಮೀ. ಅದರ ನಾಲ್ಕು ಪಟ್ಟು, ಮೇಲೆ ಎರಡು ಗೇಣು. ಒಟ್ಟು 1.6 ಮೀಟರ್ ಅಂದ್ಕೊಳ್ಳಿ. ದಾರದ ಎರಡೂ ತುದಿಗೆ ಒಂದೊಂದು ಸೂಜಿ. ಸೂಜಿ ಕಳಚದ ಹಾಗೆ ದಾರದ ತುದಿಯನ್ನ ಸೂಜಿಯಿಂದಲೇ ಎರಡು ಸಲ ಚುಚ್ಚಿ ಹಿಂದಕ್ಕೆ ಎಳೆದು ಲಾಕ್ ಮಾಡಿ.

ಸ್ಯಾಡಲ್ ಸ್ಟಿಚ್ ಅಂದ್ರೆ ಪ್ರತಿ ತೂತಲ್ಲೂ ಎರಡು ಸೂಜಿ ಎದುರುಬದುರು ದಾಟೋದು, ಅಷ್ಟೇ. ಜೇಬಿನ ಬಾಯಿಯಿಂದ ಶುರು. ಮೊದಲ ತೂತಲ್ಲಿ ದಾರ ಹಾಕಿ ಎರಡೂ ಕಡೆ ಸಮ ಮಾಡಿ, ಬಾಯಿಯ ಅಂಚು ಮುಗಿದು ಬರೀ ಹಿಂದಿನ ತುಂಡು ಉಳಿಯೋ ಜಾಗ ಇದೆಯಲ್ಲ, ಆ ಮೆಟ್ಟಿಲ ಮೇಲಿಂದ ದಾರವನ್ನ ಎರಡು ಸಲ ಹಾಯಿಸಿ. ಪೆನ್ನು ಹಾಕಿ ತೆಗೆಯೋ ಎಳೆತವೆಲ್ಲ ಬೀಳೋದು ಈ ಜಾಗಕ್ಕೆ. ಆಮೇಲೆ ಕ್ರಮ ಶುರು: ಮೊದಲು ಹಿಂದಿನ ಸೂಜಿ ಮುಂದಕ್ಕೆ ಬರಲಿ, ಅದರ ದಾರವನ್ನ ಒಂದು ಕಡೆ ಎಳೆದು ಹಿಡಿದು, ಮುಂದಿನ ಸೂಜಿಯನ್ನ ಅದೇ ತೂತಿಗೆ ತೂರಿಸಿ ಹಿಂದಕ್ಕೆ ಕಳಿಸಿ. ಪ್ರತಿ ತೂತಲ್ಲೂ ಅದೇ ಸೂಜಿ ಮೊದಲು, ದಾರ ಅದೇ ಕಡೆಗೆ ಎಳೆದಿರಬೇಕು. ಮಧ್ಯದಲ್ಲಿ ಫೋನ್ ಬಂದು ಎದ್ದು ಹೋಗಿ ವಾಪಸ್ ಬಂದು ಉಲ್ಟಾ ಶುರು ಮಾಡಿದ್ರೆ ಅಲ್ಲಿಂದ ಮುಂದೆ ಹೊಲಿಗೆಯ ವಾಲಿಕೆ ಬೇರೆ ಥರ ಕಾಣತ್ತೆ, ಹಾಗಾಗಿ ಏಳೋದಿದ್ರೆ ಒಂದು ತೂತು ಪೂರ್ತಿ ಮುಗಿಸಿ ಏಳಿ.

ಎರಡನೇ ಸೂಜಿ ತೂರಿಸೋವಾಗ ಮೊದಲನೇ ದಾರವನ್ನ ಸ್ವಲ್ಪ ಹಿಂದೆ ಮುಂದೆ ಎಳೆದು ನೋಡಿ. ಸಲೀಸಾಗಿ ಓಡಿದ್ರೆ ಸರಿ. ಕಚ್ಚಿಕೊಂಡ್ರೆ ಸೂಜಿ ದಾರವನ್ನೇ ಚುಚ್ಚಿದೆ, ವಾಪಸ್ ತೆಗೀರಿ, ಹಾಗೇ ಬಿಟ್ರೆ ಆ ಜಾಗದಲ್ಲಿ ದಾರ ಸೀಳಿ ಮೊದಲು ಕಿತ್ತು ಬರೋದು ಅಲ್ಲೇ. ಎಳೆತ ಎರಡೂ ಕೈಯಲ್ಲಿ ಸಮ ಇರ್ಲಿ. ದಾರ ಚರ್ಮದ ಮೇಲೆ ಕೂತ್ರೆ ಸಾಕು, ಅಂಚು ಸುಕ್ಕುಗಟ್ಟಿ ಅಲೆಯಾಗ್ತಿದ್ರೆ ಜಾಸ್ತಿ ಎಳೀತಿದೀರ.

ಇನ್ನೊಂದು ಬದಿಯ ಬಾಯಿಗೆ ಬಂದಾಗ ಅಲ್ಲೂ ಎರಡು ಸುತ್ತು, ಆಮೇಲೆ ಮೂರು ತೂತು ಹಿಂದಕ್ಕೆ ಹೊಲಿದು ಎರಡೂ ದಾರ ಹಿಂಭಾಗಕ್ಕೆ ತಂದು ಕತ್ತರಿಸಿ. ಪಾಲಿಯೆಸ್ಟರ್ ದಾರ ಆದ್ರೆ 2 ಮಿಮೀ ಬಿಟ್ಟು ಲೈಟರಿಂದ ಕರಗಿಸಿ ಒತ್ತಿ, ಜ್ವಾಲೆ ಚರ್ಮಕ್ಕೆ ತಾಗದ ಹಾಗೆ. ನಾರಿನ ದಾರ, ಲಿನನ್ ಅಂಥದ್ದು, ಕರಗಲ್ಲ, ಸುಟ್ಟು ಕರಿ ಆಗತ್ತೆ, ಅದನ್ನ ಅಂಚಿಗೆ ಸಮ ಕತ್ತರಿಸಿ ತೂತಿಗೆ ಒಂದು ಚುಕ್ಕಿ ಅಂಟು ಹಾಕಿ.

## ಹಂತ 7: ಆಕಾರ ಕೊಡೋದು

ಹೊಲಿದ ಬದಿಗಳ ಅಂಚಿನ ಪಾಲಿಶ್ ಇದಕ್ಕಿಂತ ಮುಂಚೆ ಮಾಡಿದ್ರೆ ನೀರು ತಾಗಿ ಊದಿ ಎಲ್ಲ ವ್ಯರ್ಥ. ಹಾಗಾಗಿ ಆಕಾರ ಮೊದಲು.

ಈ ಹಂತದಲ್ಲಿ ಕಬ್ಬಿಣದ್ದು ಯಾವುದೂ ಹತ್ತಿರ ಬರಬಾರದು. ಒದ್ದೆ ವೆಜ್ ಟ್ಯಾನ್‌ನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದ್ರೆ ನೀಲಿ ಮಿಶ್ರಿತ ಕಪ್ಪು ಕಲೆ ಆಗತ್ತೆ, ಮೇಲ್ಮೈಯಲ್ಲಿ ಅಲ್ಲ, ನಾರಿನ ಒಳಗೇ. ಸ್ಯಾಂಡ್ ಮಾಡಿದ ಮೊಳೆಯ ಪುಡಿ, ಬೈಂಡರ್ ಕ್ಲಿಪ್ಪು, ತುಕ್ಕಿನ ನಲ್ಲಿ ನೀರು, ಯಾವುದಾದ್ರೂ ಸಾಕು. ಉಂಗುರ, ಉಗುರಿನ ಗೀರು ಕೂಡ ಒದ್ದೆ ಚರ್ಮದಲ್ಲಿ ಅಚ್ಚೊತ್ತತ್ತೆ, ಬೆರಳಿನ ಮೆತ್ತನೆ ಭಾಗವನ್ನಷ್ಟೇ ಬಳಸಿ.

ಸ್ಪಂಜನ್ನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹೊರಮೈಯನ್ನ ಪೂರ್ತಿ ಸಮನಾಗಿ ಒದ್ದೆ ಮಾಡಿ. ಒಂದೇ ಕಡೆ ಒದ್ದೆ ಮಾಡಿದ್ರೆ ಒಣಗಿದಾಗ ನೀರಿನ ಗಡಿ ಉಳಿಯತ್ತೆ. ಬಿಸಿ ನೀರು ಖಂಡಿತ ಬೇಡ, ಒದ್ದೆ ಚರ್ಮ ಬಿಸಿಗೆ ಮುದುಡಿ ಕಟ್ಟಿಗೆ ಆಗತ್ತೆ. ಬಣ್ಣ ಗಾಢವಾಗಿದ್ದು ಮತ್ತೆ ಮೊದಲಿನ ಬಣ್ಣಕ್ಕೆ ತಿರುಗೋಕೆ ಶುರು ಆದಾಗ ಚರ್ಮ ಹದಕ್ಕೆ ಬಂದಿರತ್ತೆ, ಆಗ ಡಮ್ಮಿ ಕೋಲನ್ನ ನಿಧಾನ ತಿರುಗಿಸ್ತಾ ಒಳಗೆ ತಳ್ಳಿ. ಬೆರಳಲ್ಲಿ ಹೊಲಿಗೆ ಪಕ್ಕದ ಜಾಗವನ್ನ ಒತ್ತುತ್ತಾ ಕೊಳವೆಯ ಆಕಾರ ಎಬ್ಬಿಸಿ. ನಾಲಿಗೆಯನ್ನ ಮುಂದೆ ಮಡಚಿ ಪಟ್ಟಿ ಕೆಳಗೆ ತೂರಿಸಿ, ಪೆನ್ನಿನ ತಲೆ ಮೇಲೆ ಬರೋ ಬಾಗು ದುಂಡಗಿರ್ಲಿ. ಚೂಪಾಗಿ ಮಡಿಕೆ ಹಾಕಿದ್ರೆ ಮುಂದೆ ಅಲ್ಲೇ ನುಣುಪು ಮುಖ ಬಿರಿಯತ್ತೆ.

ಹಾಗೇ ಗಾಳಿಯಾಡೋ ನೆರಳಲ್ಲಿ ಒಂದು ದಿನ. ಬಿಸಿಲು, ಹೇರ್ ಡ್ರೈಯರ್ ಬೇಡ. ಮಧ್ಯೆ ಒಂದೆರಡು ಸಲ ಕೋಲನ್ನ ತಿರುಗಿಸಿ, ಅಂಟಿಕೊಳ್ಳದ ಹಾಗೆ. ಮುಟ್ಟಿದ್ರೆ ಇನ್ನೂ ತಂಪಾಗಿದೆ ಅಂದ್ರೆ ಒಳಗೆ ತೇವ ಇದೆ ಅಂತಲೇ ಅರ್ಥ.

## ಹಂತ 8: ಅಂಚು

ಪೂರ್ತಿ ಒಣಗಿದ ಮೇಲೆ 240 ಪೇಪರನ್ನ ಚಪ್ಪಟೆ ಮರದ ತುಂಡಿಗೆ ಸುತ್ತಿ, ಎರಡು ಪದರ ಒಂದೇ ಪದರದ ಹಾಗೆ ಕಾಣೋ ತನಕ ಉಜ್ಜಿ. ಜೋಡಣೆಯ ಗೆರೆ ಕಾಣ್ತಿರೋವಾಗಲೇ ಮುಂದಿನ ಪೇಪರಿಗೆ ಹೋಗ್ಬೇಡಿ, ಹೊಳಪು ಆ ಗೆರೆಯನ್ನ ಮುಚ್ಚಲ್ಲ, ಎತ್ತಿ ತೋರಿಸತ್ತೆ. ಆಮೇಲೆ ಬೆವೆಲರ್‌ನಿಂದ ಎರಡೂ ಮೂಲೆ ತೆಗೆದು, 400, 800.

ಅಂಚಿಗೆ ಟೋಕೊನೋಲ್ ಬೆರಳಲ್ಲಿ ತೆಳುವಾಗಿ ಸವರಿ, ಬದಿಗೆ ಸೋರಿದ್ರೆ ತಕ್ಷಣ ಒರೆಸಿ. ಅರೆಬರೆ ಒಣಗಲಿ. ಸ್ಲಿಕರ್‌ನ ತೋಡಿನಲ್ಲಿ ಅಂಚು ಕೂರಿಸಿ ಹಗುರ ಒತ್ತಡದಲ್ಲಿ ಬೇಗ ಬೇಗ ಉಜ್ಜಿ, ಕೆಲಸ ಮಾಡೋದು ಬಲ ಅಲ್ಲ, ಉಜ್ಜಾಟದ ಬಿಸಿ. ಜೋರಾಗಿ ಒತ್ತಿದ್ರೆ ಅಂಚು ಅಣಬೆಯ ಹಾಗೆ ಎರಡೂ ಕಡೆ ಅರಳತ್ತೆ. ಮೊದಲ ಸುತ್ತಿಗೆ ಪೂರ್ತಿ ಹೊಳಪು ಬರಲ್ಲ, 800ರಿಂದ ಮತ್ತೆ ಸವರಿ ಇನ್ನೊಂದು ಸುತ್ತು, ಬೇಕಾದ್ರೆ ಮೂರನೇದು. ನಾಲಿಗೆಯ ಅಂಚನ್ನೂ ಮರೀಬೇಡಿ. ಕೊನೆಗೆ ಜೇನುಮೇಣ ಉಜ್ಜಿ ಬಟ್ಟೆಯಿಂದ ತಿಕ್ಕಿ.

ಹೊರಮೈಗೆ ಎಣ್ಣೆ ಹಾಕೋದಾದ್ರೆ ದನದ ಕಾಲಿನ ಎಲುಬಿಂದ ತೆಗೆಯೋ ನೀಟ್ಸ್‌ಫೂಟ್ ಎಣ್ಣೆ, ಬಟ್ಟೆಯಲ್ಲಿ ಅದ್ದಿ ಒಂದೇ ತೆಳು ಕೈ. ತಕ್ಷಣ ಕಲೆಕಲೆಯಾಗಿ ಕಾಣತ್ತೆ, ಒಂದು ರಾತ್ರಿ ಬಿಟ್ರೆ ಸಮ ಆಗತ್ತೆ, ಕಲೆ ಹೋಗಲಿ ಅಂತ ಮೇಲೆ ಮೇಲೆ ಸುರೀಬೇಡಿ. ಜಾಸ್ತಿ ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ನೀವು ಕೊಟ್ಟ ಆಕಾರ ಕಳ್ಕೊಳ್ಳತ್ತೆ. ಒಳಗಡೆಗೆ ಎಣ್ಣೆ ಬೇಡವೇ ಬೇಡ.

## ಪೆನ್ನು ಹಾಕೋದು, ಆಮೇಲೆ ಬರೋ ತೊಂದರೆಗಳು

ಮುಗೀತು ಅಂತ ಅವತ್ತೇ ಪೆನ್ನು ಹಾಕ್ಬೇಡಿ. ಬಾಯಿಯ ಹತ್ತಿರ ಮೂಗಿಟ್ಟು ನೋಡಿ, ಅಂಟಿನ ವಾಸನೆ ಇನ್ನೂ ಇದ್ರೆ ಡಮ್ಮಿ ಕೋಲು ಹಾಕಿ, ಬಾಯಿ ತೆರೆದು ಇನ್ನೊಂದೆರಡು ದಿನ ಬಿಡಿ. ಆಮೇಲೆ ಬಿಳಿ ಬಟ್ಟೆಯ ತುಂಡನ್ನ ಕೋಲಿಗೆ ಸುತ್ತಿ ಒಳಗೆ ಹಾಕಿ ತಿರುಗಿಸಿ ತೆಗೀರಿ. ಬಟ್ಟೆಗೆ ಬಣ್ಣ ಬಂದ್ರೆ ತಿಳಿ ಬಣ್ಣದ ಪೆನ್ನು ಇದರೊಳಗೆ ಇಡಬೇಡಿ. ಫೌಂಟನ್ ಪೆನ್ ಆದ್ರೆ ನಿಬ್ ಮೇಲೆ ಇರೋ ಹಾಗೆ ಹಾಕಿ, ಅಂದ್ರೆ ಕ್ಯಾಪ್ ಬಾಯಿಯ ಕಡೆಗೆ, ಮತ್ತೆ ಕೇಸನ್ನ ಬ್ಯಾಗಲ್ಲಿ ನಿಲ್ಲಿಸಿಡಿ.

ಸ್ವಲ್ಪ ಬಿಗಿ ಅನಿಸಿದ್ರೆ ಕೋಲಿಗೆ ಇನ್ನೆರಡು ಸುತ್ತು ಟೇಪ್ ಹಾಕಿ, ಹೊರಮೈ ಲೈಟಾಗಿ ತೇವ ಮಾಡಿ, ಮತ್ತೊಂದು ರಾತ್ರಿ ಬಿಡಿ, ಅರ್ಧ ಮಿಮೀ ಸಿಗತ್ತೆ. ಅದಕ್ಕಿಂತ ಬಿಗಿ ಇದ್ರೆ ಪೆನ್ನನ್ನ ಒತ್ತಿ ತುರುಕಬೇಡಿ, ಕ್ಲಿಪ್ ಬಾಗತ್ತೆ, ಇನ್ನೂ ಸಣ್ಣ ಪೆನ್ನಿಗೆ ಆ ಕೇಸ್ ಕೊಟ್ಬಿಡಿ. ಲೂಸ್ ಆಗಿದ್ರೆ ಒಂದು ಬದಿಯ ಹೊಲಿಗೆಯ ಒಳಗೆ 1.5 ಮಿಮೀ ಬಿಟ್ಟು, ಬಾಯಿಯಿಂದ ಕೆಳಗಿನವರೆಗೆ ಇನ್ನೊಂದು ಸಾಲು ಹೊಲಿಗೆ ಹಾಕ್ಬಹುದು, ನೋಡೋರಿಗೆ ಡಿಸೈನ್ ಅಂತಲೇ ಅನಿಸತ್ತೆ. ಪಟ್ಟಿ ಬರೋ ಜಾಗದಲ್ಲಿ ಈ ಎರಡನೇ ಸಾಲು ಪಟ್ಟಿಯನ್ನೂ ಹಿಡಿದು ಹೊಲಿದುಬಿಟ್ರೆ ನಾಲಿಗೆ ತೂರೋ ಜಾಗ ಕಿರಿದಾಗತ್ತೆ, ಅಲ್ಲಿ ಮಾತ್ರ ಪಟ್ಟಿಯನ್ನ ಎತ್ತಿ ಹಿಡಿದು ಅದರ ಕೆಳಗಿಂದ ಹೊಲೀರಿ.